ಲೇಸರ್‌ಗೂ ಒಂದು ಸರದಿ

ಆ ಲೇಸರ್ ನಮ್ಮ ಸಂಶೋಧನಾ ಕೇಂದ್ರದ್ದಲ್ಲ. ದೂರದ ದೊಡ್ಡ ಸಂಸ್ಥೆಯೊಂದು ಎರವಲು ಕೊಟ್ಟದ್ದು. ಮರದ ಪೆಟ್ಟಿಗೆಗಳಲ್ಲಿ, ಸ್ಪಂಜಿನ ನಡುವೆ ಮಲಗಿಕೊಂಡು ಲಾರಿಯಲ್ಲಿ ಬಂತು. ಇಳಿಸುವಾಗ ಕೇಂದ್ರದ ದೊಡ್ಡ ವಿಜ್ಞಾನಿ, ನಮ್ಮ ಮೇಡಂ, ಒಂದೊಂದು ಪೆಟ್ಟಿಗೆಯ ಮೇಲೂ ಕೈಯಿಟ್ಟುಕೊಂಡೇ ಒಳಗಿನ ತನಕ ನಡೆದರು. ದೀಪಾವಳಿಗೆ ಮುಂಚೆ ಅದನ್ನು ಅದೇ ಪೆಟ್ಟಿಗೆಗಳಿಗೆ ತುಂಬಿ ವಾಪಸು ಕಳಿಸಬೇಕೆಂಬ ಮಾತಾಗಿತ್ತು. ಅಷ್ಟರೊಳಗೆ ನಮ್ಮ ಯಂತ್ರದಲ್ಲಿ ಓಡುವ ಕಣಗಳ ಗೊಂಚಲನ್ನು ಆ ಬೆಳಕಿನಿಂದ ಅಳೆಯಬೇಕು. ಅಳೆದರೆ ಮೇಡಂ ಅವರು ವರ್ಷಗಟ್ಟಲೆ ಪಟ್ಟ ಪಾಡಿಗೆ ಬೆಲೆ. ಅಳೆಯದಿದ್ದರೆ ಲೇಸರ್ ಇನ್ನೊಂದು ಊರಿನವರ ಪಾಲಿಗೆ ಹೋಗುತ್ತಿತ್ತು. ಮತ್ತೆ ಯಾವಾಗ ಸಿಗುತ್ತದೆ ಎಂದು ಹೇಳುವವರಿರಲಿಲ್ಲ.

ನಾನು ಅಲ್ಲಿ ನೀರಿನ ಕೆಲಸದವನು. ಏಳನೇ ಕ್ಲಾಸಿನ ತನಕ ಓದಿದ್ದೆ. ಬೋರಿಗೆ ಮೋಟರ್ ಇಳಿಸುವುದು, ಎತ್ತುವುದು, ಪೈಪು ಕೂರಿಸುವುದು ಮಾಡಿಕೊಂಡಿದ್ದವನನ್ನು ಚಿಲ್ಲರ್ ನೋಡಿಕೊಳ್ಳಲು ಸೇರಿಸಿಕೊಂಡಿದ್ದರು. ಚಿಲ್ಲರ್ ಎಂದರೆ ನೀರು ತಂಪು ಮಾಡುವ ಯಂತ್ರ. ಆ ನೀರು ಕಣಗಳ ಯಂತ್ರದ ತಾಮ್ರದ ಕೊಳವೆಯನ್ನು ಸುತ್ತಿ ಬರುತ್ತಿತ್ತು. ಕೇಂದ್ರ ಇದ್ದದ್ದು ಚಿತ್ರದುರ್ಗದಿಂದ ಹಿರಿಯೂರಿನ ಕಡೆ ಹೋಗುವಾಗ, ನಮ್ಮೂರಿನ ಹೊಲಗಳು ಮುಗಿದು ಬಂಡೆ ಶುರುವಾಗುವ ಜಾಗದಲ್ಲಿ. ಅಡಿಯಲ್ಲಿ ಗಟ್ಟಿ ಬಂಡೆಯಿದ್ದರೆ ನೆಲ ಅದುರುವುದಿಲ್ಲ ಎಂದು ಅಲ್ಲಿ ಕಟ್ಟಿದ್ದರಂತೆ.

ಅದೇ ದಿನಗಳಲ್ಲಿ ನನ್ನ ಮಗಳು ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಕೂಸಿನ ಸುದ್ದಿಯನ್ನೇ ಮೊದಲು ಬರೆದುಬಿಡೋಣ ಎಂದು ಕೈ ತವಕಿಸುತ್ತದೆ. ಆದರೆ ಕೆಲಸದ ಸಂಗತಿಯನ್ನು ಕೆಲಸ ನಡೆದ ಕ್ರಮದಲ್ಲೇ ಹೇಳಬೇಕು. ಕೂಸು ತನ್ನ ಜಾಗಕ್ಕೆ ತಾನೇ ಬರುತ್ತದೆ.

ಮೊದಲು ಆ ಅಳತೆ ಏನೆಂದು ಹೇಳುತ್ತೇನೆ. ನನಗೆ ಮೇಡಂ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತಿದ್ದೇನೆ.

ತಾಮ್ರದ ಕೊಳವೆಯಲ್ಲಿ ಎಲೆಕ್ಟ್ರಾನ್ ಕಣಗಳು ಒಂದೊಂದಾಗಿ ಹೋಗುವುದಿಲ್ಲ. ದ್ರಾಕ್ಷಿ ಗೊಂಚಲಿನ ಹಾಗೆ ಒತ್ತಾಗಿ ಕೂಡಿಕೊಂಡು ಹೋಗುತ್ತವೆ. ಆ ಗೊಂಚಲು ಎಷ್ಟು ಉದ್ದ ಎಂಬುದು ಪ್ರಶ್ನೆ. ಅದು ಒಂದು ಜಾಗವನ್ನು ದಾಟಿಹೋಗುವ ಹೊತ್ತು ಎಷ್ಟು ಚಿಕ್ಕದೆಂದರೆ, ಅಷ್ಟರಲ್ಲಿ ಬೆಳಕು ಕೂಡ ಒಂದು ರಾಗಿಕಾಳಿನಷ್ಟು ದೂರ ಹೋಗಿರುವುದಿಲ್ಲ. ಯಾವ ಗಡಿಯಾರವೂ ಅದನ್ನು ಅಳೆಯದು. ಅದಕ್ಕೇ ಲೇಸರ್. ಅದು ಸುಮ್ಮನೆ ಹೊಳೆಯುವ ಲೇಸರ್ ಅಲ್ಲ. ಅಷ್ಟೇ ಚಿಕ್ಕ ಚಿಕ್ಕ ಮಿಂಚುಗಳನ್ನು ಒಂದರ ಹಿಂದೆ ಒಂದು ಬಿಡುವಂಥದ್ದು. ಆ ಬೆಳಕು ಬರಿಗಣ್ಣಿಗೆ ಕಾಣುವುದೂ ಇಲ್ಲ. ಒಂದು ಬಗೆಯ ಕಾರ್ಡನ್ನು ಅಡ್ಡ ಹಿಡಿದರೆ ಅದರ ಮೇಲೆ ಚುಕ್ಕಿ ಮೂಡುತ್ತದೆ.

ಮಿಂಚನ್ನು ಮೊದಲು ಹಿಗ್ಗಿಸುತ್ತಿದ್ದರು. ಹಿಗ್ಗಿಸಿದಾಗ ಅದರೊಳಗಿನ ಬಣ್ಣಗಳು ಸಾಲಾಗಿ ನಿಲ್ಲುತ್ತವೆ. ಒಂದು ಬಣ್ಣ ಮುಂದೆ, ಇನ್ನೊಂದು ಹಿಂದೆ. ಆ ಸಾಲನ್ನು ಅವರೆಕಾಳಿನಷ್ಟು ದೊಡ್ಡ ಒಂದು ಹರಳಿನ ಮೂಲಕ ಬಿಡುವುದು. ಅದೇ ಕ್ಷಣದಲ್ಲಿ ಕಣಗಳ ಗೊಂಚಲು ಹರಳಿನ ಪಕ್ಕದಲ್ಲೇ ಹಾಯಬೇಕು. ಹಾಯುವಾಗ ಗೊಂಚಲಿನ ಪ್ರಭಾವಕ್ಕೆ ಹರಳಿನೊಳಗಿನ ಬೆಳಕು ಒಂದಿಷ್ಟು ತಿರುಚುತ್ತದೆ. ಸಾಲಿನಲ್ಲಿ ಯಾವ ಬಣ್ಣಗಳು ತಿರುಚಿದವು ಎಂದು ಕ್ಯಾಮೆರಾದಲ್ಲಿ ನೋಡಿದರೆ ಗೊಂಚಲಿನ ಉದ್ದ ಗೊತ್ತಾಗುತ್ತದೆ.

ಇದರಲ್ಲಿ ಕಷ್ಟವೆಲ್ಲ ‘ಅದೇ ಕ್ಷಣ’ ಎಂಬುದರಲ್ಲಿತ್ತು. ಗೊಂಚಲು ಮುಂಚೆ ಬಂದರೆ ಬೆಳಕಿಗೆ ಸಿಗುವುದಿಲ್ಲ, ತಡವಾಗಿ ಬಂದರೂ ಸಿಗುವುದಿಲ್ಲ. ಎರಡನ್ನೂ ಹೊಂದಿಸಲು ಜಾರುವ ಪಟ್ಟಿಯ ಮೇಲೆ ಒಂದು ಜೊತೆ ಕನ್ನಡಿ ಇಟ್ಟಿದ್ದರು. ಕನ್ನಡಿಯನ್ನು ಒಂದು ಕೂದಲೆಳೆ ಹಿಂದಕ್ಕೆ ಸರಿಸಿದರೆ ಬೆಳಕು ಹೋಗುತ್ತಾ ಒಂದು ಎಳೆ, ಬರುತ್ತಾ ಒಂದು ಎಳೆ ಹೆಚ್ಚಿಗೆ ನಡೆಯಬೇಕು. ಅಷ್ಟು ತಡವಾಗುತ್ತದೆ. ಮೇಡಂ ಮತ್ತು ಅವರ ಕೈಕೆಳಗಿನವರು ಆ ಪಟ್ಟಿಯ ಉದ್ದಕ್ಕೂ ಎಳೆ ಎಳೆಯಾಗಿ ಹುಡುಕುತ್ತಾ ಹೋದರು. ಕ್ಯಾಮೆರಾದ ಪರದೆಯಲ್ಲಿ ಒಂದು ಸಪಾಟು ಗೆರೆ. ಗೊಂಚಲು ಸಿಕ್ಕರೆ ಆ ಗೆರೆಯಲ್ಲಿ ಒಂದು ಉಬ್ಬು ಏಳಬೇಕು.

ಒಂದು ಮಧ್ಯಾಹ್ನ ಉಬ್ಬು ಎದ್ದಿತು. ನಾನೂ ಬಾಗಿಲಲ್ಲಿ ನಿಂತು ನೋಡಿದೆ. ಇರುವೆ ಗೂಡಿನ ಮಣ್ಣುಗುಪ್ಪೆಯಷ್ಟು ಚಿಕ್ಕದು. ಎಲ್ಲರೂ ಪರದೆಯ ಹತ್ತಿರ ಬಗ್ಗುವಷ್ಟರಲ್ಲಿ ಮಾಯವಾಯಿತು.

ಅಲ್ಲಿಂದ ತಪ್ಪು ದಾರಿ ಹಿಡಿದೆವು. ಉಬ್ಬು ಮಾಯವಾದಾಗಲೆಲ್ಲ ಲೇಸರ್ ಜರುಗಿದೆ ಎಂದುಕೊಂಡು ಕನ್ನಡಿ ಸರಿಸುವುದು. ಸರಿಸಿದ ಮೇಲೆ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಇನ್ನಷ್ಟು ಸರಿಸುವುದು. ಕೆಲವು ದಿನ ಹೀಗೆ ಬೆನ್ನಟ್ಟಿದ ಮೇಲೆ, ಮೊದಲು ಅದು ಕಂಡ ಜಾಗ ಯಾವುದೆಂಬುದೇ ಅನುಮಾನವಾಯಿತು.

ಜರುಗುತ್ತಿದ್ದುದು ಲೇಸರ್ ಅಲ್ಲ, ಗೊಂಚಲು. ಅದು ಹೇಗೆಂದು ಗೊತ್ತಾಗಬೇಕಾದರೆ ನಮ್ಮ ಕಡೆಯ ಕರೆಂಟಿನ ವಿಷಯ ಹೇಳಬೇಕು.

ಹಳ್ಳಿಯ ಲೈನಿನಲ್ಲಿ ಮೂರು ಫೇಸಿನ ಕರೆಂಟು ದಿನಕ್ಕೆ ಕೆಲವೇ ಗಂಟೆ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಮಿಕ್ಕ ಹೊತ್ತು ದೀಪಕ್ಕೆ ಸಾಲುವಷ್ಟು ಮಾತ್ರ. ಕೇಂದ್ರಕ್ಕೆ ಬೇರೆ ಲೈನು ಎಳೆಯುವುದೆಂದು ಮಾತಾಗಿತ್ತೇ ಹೊರತು ಕಂಬ ಬಂದಿರಲಿಲ್ಲ. ಜನರೇಟರ್ ಇತ್ತು. ಅದನ್ನು ಹಾಕಿದರೆ ಲೇಸರ್ ಇಟ್ಟ ಮೇಜಿನ ತನಕ ನಡುಕ ಬರುತ್ತಿತ್ತು, ಪರದೆಯ ಗೆರೆಯೂ ಕುಣಿಯುತ್ತಿತ್ತು. ಹಾಗಾಗಿ ಅಳತೆ ನಡೆಯಬೇಕಾದದ್ದು ಮೂರು ಫೇಸು ಇದ್ದಾಗ ಮಾತ್ರ. ರೈತರಿಗೆ ಸಿಗುತ್ತಿದ್ದುದೂ ಅದೇ ಹೊತ್ತು.

ಕರೆಂಟಿನ ಎಂಜಿನಿಯರ್ ಒಂದು ದಿನ ನನ್ನನ್ನು ಮೀಟರಿನ ಮುಂದೆ ನಿಲ್ಲಿಸಿಕೊಂಡರು. ಹೊಳಲ್ಕೆರೆ ಕಡೆಯವರು, ಮಾತು ಕಮ್ಮಿ. ಮೂರು ಫೇಸು ಬಂತು. ಮೀಟರಿನ ಮುಳ್ಳು ಮೇಲಕ್ಕೆ ಎದ್ದಿತು. ಎದ್ದ ಮರುಕ್ಷಣವೇ ಬಾವಿಗೆ ಬಿದ್ದ ಹಾಗೆ ಕೆಳಕ್ಕೆ ಹೋಯಿತು. ಅದೇ ಹೊತ್ತಿಗೆ ಸುತ್ತಲಿನ ಹೊಲಗಳಿಂದ ಮೋಟರುಗಳೆಲ್ಲ ಒಟ್ಟಿಗೆ ಗುಂಯ್ ಎಂದವು. ನಮ್ಮ ಚಿಲ್ಲರ್ ಟಪ್ಪೆಂದು ಆಫಾಯಿತು. ಇನ್ನೊಂದು ಗಳಿಗೆಗೆ ಲೈನೇ ಹೋಯಿತು. ಮತ್ತೆ ಬಂತು, ಮತ್ತೆ ಎಲ್ಲ ಮೋಟರುಗಳೂ ಒಟ್ಟಿಗೆ ಗುಂಯ್ ಎಂದವು, ಮತ್ತೆ ಹೋಯಿತು.

ಯಾವ ರೈತನೂ ಸ್ಟಾರ್ಟರ್ ಹತ್ತಿರ ಇರಲಿಲ್ಲ. ಎಲ್ಲರೂ ಆಟೊ ಹಾಕಿಸಿದ್ದರು. ಕರೆಂಟು ಬಂದ ಕೂಡಲೇ ಮೋಟರ್ ತಾನಾಗಿಯೇ ಶುರುವಾಗುವ ಏರ್ಪಾಡು ಅದು. ಎಲ್ಲ ಮೋಟರುಗಳೂ ಒಂದೇ ಏಟಿಗೆ ಎದ್ದರೆ ಲೈನು ತಡೆಯದೆ ಕರೆಂಟಿನ ಸ್ಟೇಷನ್ನಿನಲ್ಲಿ ಟ್ರಿಪ್ಪಾಗಿ ಕಡಿದುಹೋಗುತ್ತದೆ. ಆಮೇಲೆ ಅಲ್ಲಿಯವರು ಹಾಕುತ್ತಾರೆ, ಅದು ಮತ್ತೆ ಬೀಳುತ್ತದೆ. ಪ್ರತಿ ಸಲ ಚಿಲ್ಲರ್ ನಿಂತು ಶುರುವಾದಾಗ ನೀರಿನ ಶಾಖ ಏರಿಳಿಯುತ್ತಿತ್ತು. ನೀರು ಒಂದಿಷ್ಟು ಬಿಸಿಯಾದರೆ ತಾಮ್ರ ಒಂದಿಷ್ಟು ಹಿಗ್ಗುತ್ತದೆ. ತಾಮ್ರ ಹಿಗ್ಗಿದರೆ ಗೊಂಚಲು ಬರುವ ಹೊತ್ತು ಬದಲಾಗುತ್ತದೆ. ಹೊತ್ತು ಬದಲಾದರೆ ಬೆಳಕಿಗೆ ಸಿಗುವುದಿಲ್ಲ. ನೀರು ಹಿಡಿತಕ್ಕೆ ಬರಲು ಗಂಟೆಗೂ ಮೇಲೆ ಬೇಕು. ಅಷ್ಟರಲ್ಲಿ ಮತ್ತೆ ಲೈನು ಹೋಗಿರುತ್ತಿತ್ತು.

ಎಂಜಿನಿಯರ್ ಇಲಾಖೆಗೆ ಪತ್ರ ಬರೆಯೋಣ ಎಂದರು. ಪತ್ರಕ್ಕೆ ಉತ್ತರ ಬರುವಷ್ಟರಲ್ಲಿ ದೀಪಾವಳಿ ಕಳೆದಿರುತ್ತದೆ, ಊರಿನವರನ್ನೇ ಕೇಳೋಣ ಎಂದರು ಮೇಡಂ. ಎಲ್ಲರೂ ಒಟ್ಟಿಗೆ ಸಿಗುವುದು ಎಲ್ಲಿ ಎಂದು ನನ್ನನ್ನು ಕೇಳಿದರು. ಹಾಲಿನ ಡೈರಿ ಎಂದೆ.

ಸಾಯಂಕಾಲ ಹಾಲು ಹಾಕುವ ಹೊತ್ತಿಗೆ ಹೋದೆವು. ಕ್ಯಾನು ಹಿಡಿದು ನಿಂತವರೆಲ್ಲ ಮೇಡಂಗೆ ದಾರಿ ಬಿಟ್ಟರು. ಒಬ್ಬರು ಒಳಗಿಂದ ಕುರ್ಚಿ ತಂದರು. ಅವರು ಕೂರಲಿಲ್ಲ. ನಿಂತೇ ವಿಷಯ ಹೇಳಿದರು. ದೀಪಾವಳಿವರೆಗೆ ಎಲ್ಲರೂ ಆಟೊ ತೆಗೆಯಬೇಕು, ಕರೆಂಟು ಬಂದ ತಕ್ಷಣ ಮೋಟರ್ ಹಾಕಬಾರದು ಎಂದು ಕೇಳಿಕೊಂಡರು. ಈರುಳ್ಳಿ ಬೆಳೆಯುವ ಒಬ್ಬರು ನಿಮ್ಮ ಮಿಷನ್ನು ಏನು ಬೆಳೆಯುತ್ತದೆ ಎಂದು ಕೇಳಿದರು. ಏನೂ ಬೆಳೆಯುವುದಿಲ್ಲ, ಕಣ್ಣಿಗೆ ಕಾಣದಂತೆ ಬಂದು ಕಾಣದಂತೆ ಹೋಗುವ ವಸ್ತು ಎಷ್ಟು ಉದ್ದ ಇದೆ ಎಂದು ಅಳೆಯುತ್ತೇವೆ ಎಂದರು ಮೇಡಂ.

“ಹಂಗಾರೆ ನಮ್ಮ ಮೂರು ಫೇಸು ಕರೆಂಟನ್ನೇ ಅಳೀರವ್ವ,” ಎಂದರು ಅವರು. “ಅದೂ ಕಾಣ್ದಂಗೆ ಬಂದು ಕಾಣ್ದಂಗೆ ಹೋಗ್ತೈತೆ.”

ಡೈರಿಯೆಲ್ಲ ನಕ್ಕಿತು. ಮೇಡಂ ಕೂಡ ನಕ್ಕರು. ಆ ನಗುವಿನಲ್ಲೇ ಎಲ್ಲರೂ ಒಪ್ಪಿಕೊಂಡರು. ನನ್ನ ಬೀಗರು ಮಾತ್ರ ನಗದೆ, ಗೋಡೆಗೆ ಒರಗಿಕೊಂಡೇ ತಲೆಯಾಡಿಸಿದರು.

ಬೀಗರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮಗಳನ್ನು ಕೊಟ್ಟಿದ್ದು ನಮ್ಮೂರಿನಲ್ಲೇ, ಎರಡು ಬೀದಿ ಆಚೆ. ಅಳಿಯನ ತಂದೆಯ ಹೊಲ ಕೇಂದ್ರದ ಬೇಲಿಗೆ ಹೊಂದಿಕೊಂಡಿತ್ತು. ಸೇವಂತಿಗೆ, ಒಂದಷ್ಟು ಈರುಳ್ಳಿ. ಅವರ ಬೋರು ಊರಿನಲ್ಲೇ ಆಳವಾದದ್ದು, ಅದಕ್ಕೆ ತಕ್ಕ ದೊಡ್ಡ ಮೋಟರ್. ಅವರ ಪೈಪಿನಿಂದ ತೊಟ್ಟಿಗೆ ನೀರು ಬೀಳುವುದು ನಾನು ಚಿಲ್ಲರ್ ಮನೆಯ ಬಾಗಿಲಲ್ಲಿ ನಿಂತರೆ ಕಾಣುತ್ತಿತ್ತು. ನನಗೂ ಅವರಿಗೂ ಎದುರಾದಾಗಲೆಲ್ಲ ಚೇಷ್ಟೆ ಮಾತೇ ಹೊರತು ನೇರ ಮಾತು ಕಡಿಮೆ. ಬೀಗತನ ಎಂದರೆ ಹಾಗೆಯೇ.

ಮಾರನೇ ದಿನ ಕರೆಂಟು ಬಂತು. ಎಂಜಿನಿಯರ್ ಮತ್ತು ನಾನು ಮೀಟರಿನ ಮುಂದೆ ನಿಂತಿದ್ದೆವು. ಮುಳ್ಳು ಎದ್ದು ನಿಂತಿತು. ಒಂದು ಗಳಿಗೆ ಹಾಗೇ ಇತ್ತು. ನಾನು ಚಿಲ್ಲರ್ ಹಾಕಿದೆ. ಆಮೇಲೆ ಮುಳ್ಳು ಬಿತ್ತು. ಲೈನು ಹೋಯಿತು.

ಸೈಕಲ್ ಹಾಕಿಕೊಂಡು ಹೊಲದಿಂದ ಹೊಲಕ್ಕೆ ಹೋಗಿ ವಿಚಾರಿಸಿದೆ. ಯಾರೂ ಮಾತಿಗೆ ತಪ್ಪಿರಲಿಲ್ಲ. ಎಲ್ಲರೂ ಆಟೊ ತೆಗೆದಿದ್ದರು, ಎಲ್ಲರೂ ಸ್ಟಾರ್ಟರ್ ಪಕ್ಕದಲ್ಲೇ ಬಂದು ಕೂತಿದ್ದರು. ಪಕ್ಕದ ಹೊಲದಲ್ಲಿ ಸದ್ದಿಲ್ಲದ್ದು ಕೇಳಿ, ಊರೇ ನಿಲ್ಲಿಸಿದೆಯಲ್ಲ, ನನ್ನದೊಂದು ಹಾಕಿದರೆ ಏನಾಗುತ್ತದೆ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಹಾಗೆ ಅಂದುಕೊಂಡು ಎಲ್ಲರೂ ಸುಮಾರು ಒಂದೇ ಹೊತ್ತಿಗೆ ಗುಂಡಿ ಒತ್ತಿದ್ದರು. ಆಟೊ ಇದ್ದಾಗ ಆಗುತ್ತಿದ್ದುದೇ ಕೈಯಿಂದಲೂ ಆಯಿತು.

ಮೇಡಂ ಅದನ್ನು ಕೇಳಿ ಸಿಟ್ಟಾಗಲಿಲ್ಲ. ನಿಲ್ಲಿಸಿ ಎಂದು ಕೇಳಿದ್ದೇ ತಪ್ಪು ಎಂದರು. ಮೋಟರುಗಳು ಓಡುತ್ತಿದ್ದರೆ ನಮಗೇನೂ ತೊಂದರೆಯಿಲ್ಲ, ಸ್ಟೆಬಿಲೈಸರ್ ಅಷ್ಟನ್ನು ತಡೆದುಕೊಳ್ಳುತ್ತದೆ, ಎಲ್ಲವೂ ಒಟ್ಟಿಗೆ ಶುರುವಾಗದಿದ್ದರೆ ಸಾಕು ಎಂದು ಎಂಜಿನಿಯರ್ ಲೆಕ್ಕ ಮಾಡಿ ಹೇಳಿದರು. ಅವತ್ತು ಸಾಯಂಕಾಲ ಮತ್ತೆ ಡೈರಿಗೆ ಹೋದೆವು. ಈ ಸಲ ಮೇಡಂ, ಯಾರೂ ನಿಲ್ಲಿಸಬೇಡಿ, ಒಬ್ಬರಾದ ಮೇಲೆ ಒಬ್ಬರು ಹಾಕಿ ಎಂದರು. ಯಾರು ಮೊದಲು ಎಂದು ಕೇಳಿದ್ದೇ ತಡ, ಗಲಾಟೆ ಶುರುವಾಯಿತು.

ಹಾಲು ಅಳೆಯಿಸಿಕೊಂಡು ಹೊರಟಿದ್ದ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತಳು. ನನ್ನ ಕಡೆ ಕೈ ತೋರಿಸಿದಳು.

“ಲೇ, ಇವನಪ್ಪ ಕೆರೆ ತೂಬು ಎತ್ತುತಿದ್ದಾಗ ಹಿಂಗೆ ಬಡಕಂತಿದ್ರೇನ್ರೋ? ಆಗ ಸರದಿ ಇತ್ತು. ಈಗ ಗುಂಡಿ ಐತೆ, ಒತ್ತಾಕೆ ಎಲ್ಲರಿಗೂ ಬೆಳ್ಳು ಐತೆ.”

ನಮ್ಮಪ್ಪ ನೀರುಗಂಟಿ. ಕೆರೆಯ ತೂಬು ಎತ್ತಿ ಹೊಲ ಹೊಲಕ್ಕೆ ನೀರು ಬಿಡುವುದು ನಮ್ಮ ಮನೆತನದ ಕೆಲಸ. ಕೆರೆಯಲ್ಲಿ ನೀರು ನಿಲ್ಲುವುದು ಕಡಿಮೆಯಾಗಿ, ಬೋರುಗಳು ಬಂದು, ಆ ಕೆಲಸ ತಾನಾಗಿ ಹೋಯಿತು. ನನ್ನ ಕಾಲಕ್ಕೆ ಹೆಸರು ಮಾತ್ರ ಉಳಿದಿತ್ತು. ಆದರೆ ಅಲ್ಲಿದ್ದ ಹಿರಿಯರಿಗೆಲ್ಲ ಸರದಿ ಬಾಯಲ್ಲೇ ಇತ್ತು. ದೂರದ ಕೊನೆಯ ಹೊಲಕ್ಕೆ ಮೊದಲು, ತೂಬಿನ ಹತ್ತಿರದ್ದಕ್ಕೆ ಆಮೇಲೆ. ಅವರೇ ಅದನ್ನು ಮೋಟರಿಗೆ ಹೊಂದಿಸಿದರು. ಕೇಂದ್ರದಿಂದ ದೂರದ ಕೊನೆಯ ಹೊಲದವನು ಮೊದಲು ಹಾಕುವುದು. ಅವನ ಪೈಪಿನಲ್ಲಿ ನೀರು ಬಿದ್ದದ್ದು ಕಣ್ಣಿಗೆ ಕಂಡ ಮೇಲೆ ಪಕ್ಕದವನು ಹಾಕುವುದು. ಗಡಿಯಾರವೂ ಬೇಡ, ಕೂಗುವುದೂ ಬೇಡ. ಮಧ್ಯೆ ಕರೆಂಟು ಹೋಗಿ ಬಂದರೂ ಮತ್ತೆ ಅದೇ ಸರದಿ.

ಕೊನೆಗೆ ಉಳಿಯುವುದು ಬೀಗರ ಹೊಲ. ಅದು ನಮಗೂ ಬೇಕಾಗಿತ್ತು. ಅವರ ನೀರು ಬಿದ್ದದ್ದು ಕಂಡರೆ ಊರೆಲ್ಲ ಮುಗಿಯಿತೆಂದು ನಾನು ಚಿಲ್ಲರ್ ಹಾಕಬಹುದಿತ್ತು. ಜೊತೆಗೆ ಹಳೆಯ ಕಟ್ಟಳೆಯೂ ಒಂದಿತ್ತು. ನೀರುಗಂಟಿಯ ಮನೆಯವರಿಗೆ ಯಾವತ್ತೂ ಕಡೇ ಸರದಿ. ನೀರು ಬಿಡುವವನು ತನ್ನವರಿಗೆ ಮೊದಲು ಬಿಟ್ಟುಕೊಂಡ ಎಂದು ಯಾರೂ ಬೆರಳು ತೋರಿಸಬಾರದು ಎಂದು ಮಾಡಿದ್ದ ಕಟ್ಟಳೆ. ಅದನ್ನೂ ಯಾರೋ ಎತ್ತಿ ಆಡಿದರು.

ಬೀಗರು ಗೋಡೆ ಬಿಟ್ಟು ಮುಂದೆ ಬಂದರು.

“ಬೀಗ್ರೆ, ಹೆಣ್ಣು ಕೊಟ್ರಿ, ತಗಂಡ್ವಿ. ಅದರ ಜತೆಗೆ ಕಡೇ ಸರದೀನೂ ಕೊಟ್ರಾ?”

ಕಟ್ಟಳೆ ನನ್ನದಲ್ಲ, ಊರಿನದು ಎಂದೆ.

“ಊರಿಂದೇ ಇರ್ಲಿ. ಕಡೇ ಸರದಿ ನಿಮ್ಮನೇರಿಗೆ. ನಾನು ನಿಮ್ಮ ಬೀಗ, ನಿಮ್ಮನೆಯೋನಲ್ಲ. ನಾಳೆ ನಂದು ಆಟೊದಾಗೇ ಇರ್ತೈತೆ.”

ಕ್ಯಾನು ಎತ್ತಿಕೊಂಡು ಹೋದರು. ಅವರ ಮೋಟರ್ ಮೊದಲು ಎದ್ದರೆ ನಾವ್ಯಾಕೆ ಕಾಯಬೇಕು ಎಂದು ಇನ್ನಿಬ್ಬರು ಗೊಣಗಿದರು. ಅಷ್ಟಕ್ಕೇ ಸರದಿ ಮುರಿಯಿತು. ಬೀಗರ ಮೇಲೆ ದೂರು ಹೇಳಲು ನನಗೆ ಮನಸ್ಸು ಬರಲಿಲ್ಲ. ನೀರಿಲ್ಲದೆ ಬಾಡಿದ ಸೇವಂತಿಗೆಯನ್ನು ದೀಪಾವಳಿ ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಹೂವು ಅರಳುತ್ತಿದ್ದ ದಿನಗಳವು. ಕಡೆಗೆ ಹಾಕಿದವನಿಗೆ ಒಂದಿಷ್ಟು ನೀರು ಕಮ್ಮಿಯೇ.

ಮತ್ತೆ ಎರಡು ಮೂರು ದಿನ ವ್ಯರ್ಥವಾಗಿ ಹೋಯಿತು. ಮೇಡಂ ಕನ್ನಡಿ ಬೆನ್ನಟ್ಟುವುದನ್ನು ನಿಲ್ಲಿಸಿದ್ದರು. ಮೊದಲು ಉಬ್ಬು ಕಂಡಾಗಿನ ಕಡತ ತೆಗೆದು, ಪಟ್ಟಿಯನ್ನು ಆ ಜಾಗಕ್ಕೆ ತಂದು ಬಿಗಿದುಬಿಟ್ಟರು. ಇನ್ನು ಬೆಳಕು ಕಾಯುತ್ತದೆ, ಗೊಂಚಲು ಬರಬೇಕು ಎಂದರು. ಪೆಟ್ಟಿಗೆಗಳ ಸ್ಪಂಜನ್ನು ಬಿಸಿಲಿಗೆ ಹಾಕಿ ಒಣಗಿಸಲು ಹೇಳಿದರು. ಅದನ್ನು ಕೇಳಿದಾಗ ನನಗೆ ಕಷ್ಟವಾಯಿತು.

ಸ್ಪಂಜು ಹರಡುತ್ತಿದ್ದಾಗಲೇ ಕಚೇರಿಯ ಫೋನಿಗೆ ಸುದ್ದಿ ಬಂತು. ಬೆಳಗ್ಗೆ ನಾನು ಕೆಲಸಕ್ಕೆ ಬಂದ ಮೇಲೆ ಮಗಳಿಗೆ ನೋವು ಕಾಣಿಸಿಕೊಂಡು ಹಿರಿಯೂರಿನ ಆಸ್ಪತ್ರೆಗೆ ಕರೆದೊಯ್ದಿದ್ದರು. ಹೆರಿಗೆಯಾಗಿದೆ, ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ. ಫೋನು ಇಟ್ಟವನು ಯಾವ ಕಡೆ ಹೋಗಬೇಕೆಂದು ತಿಳಿಯದೆ ಚಿಲ್ಲರ್ ಮನೆಗೇ ಹೋಗಿ ನಿಂತೆ. ಮೇಡಂ ಬಂದು, ಇಲ್ಲೇನು ಮಾಡುತ್ತಿದ್ದೀರಿ, ಜೀಪು ಹತ್ತಿ ಎಂದರು.

ಜೀಪಿನಲ್ಲಿ ಡ್ರೈವರ್‌ಗೆ ನಾನು ಏನೇನು ಹೇಳಿದೆನೋ ನೆನಪಿಲ್ಲ. ಬಾಯಿ ಮುಚ್ಚಿರಲಿಲ್ಲ ಎಂದು ಅವನು ಇವತ್ತಿಗೂ ಆಡಿಕೊಳ್ಳುತ್ತಾನೆ.

ಆಸ್ಪತ್ರೆಯಲ್ಲಿ ಬೀಗರು ನನಗಿಂತ ಮುಂಚೆ ಬಂದಿದ್ದರು. ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಮಡಿಲಲ್ಲಿ ಹಳೆಯ ಸೀರೆಯ ಮೆತ್ತನೆ ತುಂಡಿನಲ್ಲಿ ಸುತ್ತಿದ ಕೂಸು. ನನ್ನ ಹೆಂಡತಿ ಪಕ್ಕದಲ್ಲಿ ನಿಂತು ತಲೆ ಹಿಡಿಯುವುದು ಹೇಗೆಂದು ಅವರಿಗೆ ಹೇಳಿಕೊಡುತ್ತಿದ್ದಳು. ನಾನು ಬಗ್ಗಿ ನೋಡಿದೆ. ಕೆಂಪಗೆ, ಮುಷ್ಟಿ ಕಟ್ಟಿಕೊಂಡು, ಯಾರಿಗೂ ಏನೂ ಬಾಕಿಯಿಲ್ಲ ಎಂಬ ಹಾಗೆ ಮಲಗಿತ್ತು. ನನ್ನ ಎದೆಯಲ್ಲಿ ಆದದ್ದನ್ನು ಹೇಳಲು ನನಗೆ ಅಷ್ಟು ಮಾತು ಬರುವುದಿಲ್ಲ. ನಿಂತ ಕಡೆಯೇ ನಕ್ಕೆ. ಕಣ್ಣಲ್ಲಿ ನೀರು ಬಂತು. ಮತ್ತೆ ನಕ್ಕೆ. ಅತ್ತ ಹೋಗುತ್ತಿದ್ದ ನರ್ಸಮ್ಮ ಸದ್ದು ಮಾಡಬೇಡಿ ಎಂದು ಗದರಿದಳು.

“ಮೂಗು ನಮ್ಮನೇದು ಬೀಗ್ರೆ,” ಎಂದರು ಅವರು.

“ಇರ್ಲಿ ಬಿಡ್ರಿ. ದೊಡ್ಡೋಳಾದ್ಮೇಲೆ ಸರಿಹೋಗ್ತೈತೆ,” ಎಂದೆ.

ಅವರೂ ನಕ್ಕರು. ಆಮೇಲೆ ಇಬ್ಬರೂ ಕೂಸನ್ನೇ ನೋಡುತ್ತಾ ಕೂತೆವು. ಅವರು ನನ್ನ ಮುಖ ನೋಡದೆ ಕೇಳಿದರು.

“ಇದು ನಿಮ್ಮನೇದೋ, ನಮ್ಮನೇದೋ?”

“ಎರಡೂ ಮನೇದು.”

“ಅಂದ್ರೆ ನೀರುಗಂಟಿ ಮನೇದೂ ಹೌದು.”

“ಹೌದು ಮತ್ತೆ.”

ಅವರು ಕೂಸಿನ ಮುಷ್ಟಿಯೊಳಗೆ ತಮ್ಮ ಬೆರಳು ತೂರಿಸಿದರು. ಅದು ಹಿಡಿದುಕೊಂಡಿತು.

“ಹಂಗಾರೆ ನಾನೂ ನೀರುಗಂಟಿ ಮನೆಯೋನೇ ಆದೆ. ಕಡೇ ಸರದಿ ನಮ್ದೇ. ಹೋಗಿ ನಿಮ್ಮ ಮೇಡಂಗೆ ಹೇಳ್ರಿ.”

ಮಾರನೇ ದಿನವೇ ಹಗಲು ಕರೆಂಟಿನ ವಾರದ ಕಡೆಯ ದಿನ; ಮತ್ತೆ ಹಗಲು ಪಾಳಿ ಬರುವಷ್ಟರಲ್ಲಿ ಲೇಸರ್ ಹೋಗಿರುತ್ತಿತ್ತು. ನಾನು ಚಿಲ್ಲರ್ ಮನೆಯ ಬಾಗಿಲಲ್ಲಿ ನಿಂತೆ. ಕರೆಂಟು ಬಂತು. ಹಾಕಬೇಕೆಂದು ಕೈ ತುಡಿಯಿತು, ಹಾಕಲಿಲ್ಲ. ದೂರದಲ್ಲಿ, ಕೆರೆ ಅಂಗಳದ ಆಚೆ, ಒಂದು ಮೋಟರ್ ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸದ್ದು ಹೊಲದಿಂದ ಹೊಲಕ್ಕೆ ನಮ್ಮ ಕಡೆಗೆ ನಡೆದುಕೊಂಡು ಬರುತ್ತಿತ್ತು. ಎಂಜಿನಿಯರ್ ಒಳಗಿನಿಂದ, ಮುಳ್ಳು ನಿಂತಿದೆ, ಮುಳ್ಳು ನಿಂತಿದೆ ಎನ್ನುತ್ತಿದ್ದರು. ಬೇಲಿಯಾಚೆ ಬೀಗರು ತಲೆಗೆ ಟವೆಲ್ ಸುತ್ತಿಕೊಂಡು ಸ್ಟಾರ್ಟರ್ ಡಬ್ಬಿಯ ಮುಂದೆ ನಿಂತಿದ್ದರು. ಪಕ್ಕದ ಹೊಲದ ಕಡೆಯೇ ಅವರ ಕಣ್ಣು. ಅಲ್ಲಿ ನೀರು ಬಿತ್ತು. ಅವರು ಗುಂಡಿ ಒತ್ತಿದರು. ಪೈಪು ಒಂದೆರಡು ಸಲ ಗಾಳಿ ಉಗುಳಿ ಕೆಮ್ಮಿತು. ಆಮೇಲೆ ದಪ್ಪನೆಯ ನೀರು ತೊಟ್ಟಿಗೆ ಬಿತ್ತು.

ಕಡೇ ನೀರು ಬಿತ್ತು ಎಂದು ಒಳಗೆ ಕೂಗಿ ಹೇಳಿ ಚಿಲ್ಲರ್ ಹಾಕಿದೆ. ಅದು ಎದ್ದು ನಿಂತುಕೊಂಡಿತು.

ನೀರು ಹಿಡಿತಕ್ಕೆ ಬರುವ ತನಕ ಮೇಡಂ ಯಂತ್ರ ಮುಟ್ಟಲಿಲ್ಲ. ಬಂದ ಮೇಲೆ ಮೊದಲು ಗೊಂಚಲನ್ನು ತಡೆದು ಬರಿಯ ಬೆಳಕನ್ನು ಬಿಟ್ಟರು. ಸಪಾಟು ಗೆರೆ. ತಡೆ ತೆಗೆದರು. ಬಿಗಿದಿಟ್ಟ ಜಾಗದಿಂದ ಕನ್ನಡಿಯನ್ನು ಒಂದಿಷ್ಟು ಆಚೆ, ಒಂದಿಷ್ಟು ಈಚೆ ಸರಿಸಿದರು. ಗೆರೆಯ ನಡುವೆ ಉಬ್ಬು ಎದ್ದಿತು. ಎಲ್ಲರೂ ಪರದೆಯ ಹತ್ತಿರ ಬಗ್ಗಿದರು. ಅದು ಹೋಗಲಿಲ್ಲ.

ಆದರೂ ಅವರು ನಂಬಲಿಲ್ಲ. ಮತ್ತೆ ಗೊಂಚಲನ್ನು ತಡೆದರು. ಉಬ್ಬು ಹೋಯಿತು. ಬಿಟ್ಟರು. ಬಂತು. ಕನ್ನಡಿಯನ್ನು ಮುಂದಕ್ಕೆ ಸರಿಸಿದರು. ಉಬ್ಬು ಒಂದು ಪಕ್ಕಕ್ಕೆ ಸರಿಯಿತು. ಹಿಂದಕ್ಕೆ ಸರಿಸಿದರು. ಇನ್ನೊಂದು ಪಕ್ಕಕ್ಕೆ ಬಂತು. ಸುಳ್ಳು ಉಬ್ಬಾಗಿದ್ದರೆ ಅದು ಹಾಗೆ ಹಿಂದೆ ಮುಂದೆ ಓಡಾಡುವುದಿಲ್ಲವಂತೆ. ಆಮೇಲೆ ಯಂತ್ರದ ಹದ ಬದಲಿಸಿ ಗೊಂಚಲನ್ನು ಹಿಗ್ಗಿಸಿ ನೋಡಿದರು, ಉಬ್ಬು ಅಗಲವಾಯಿತು. ಕುಗ್ಗಿಸಿ ನೋಡಿದರು, ಕಿರಿದಾಯಿತು. ಆಗ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಸಿಕ್ಕಿತು ಎಂದರು. ಅಷ್ಟೇ.

ಮಧ್ಯಾಹ್ನ ಒಮ್ಮೆ ಕರೆಂಟು ಹೋಯಿತು. ಅದು ಬೇರೆ ಯಾವುದೋ ಕಾರಣಕ್ಕೆ. ಎಲ್ಲ ಕಡೆ ಸದ್ದು ನಿಂತಿತು. ಬರುತ್ತಿದ್ದ ಹಾಗೆ ಊರು ಮತ್ತೆ ಒಂದೇ ಏಟಿಗೆ ಗುಂಡಿ ಒತ್ತುತ್ತದೆಯೇ ಎಂದು ಎಲ್ಲರೂ ನನ್ನ ಬಾಗಿಲಿಗೆ ಬಂದು ನಿಂತರು. ಕರೆಂಟು ಬಂದ ಮೇಲೆ ಮೊದಲು ಏನೂ ಕೇಳಲಿಲ್ಲ. ಆಮೇಲೆ ಕೆರೆಯ ಆಚೆ ಒಂದು ಮೋಟರ್. ಅದಾದ ಮೇಲೆ ಇನ್ನೊಂದು. ಬೀಗರ ತೊಟ್ಟಿಗೆ ನೀರು ಬೀಳುವ ತನಕ ಕಾದೆ, ಆಮೇಲೆ ಹಾಕಿದೆ. ನೀರು ಹಿಡಿತಕ್ಕೆ ಬಂದಾಗ ಉಬ್ಬು ಮೊದಲಿದ್ದ ಜಾಗದಲ್ಲೇ ಎದ್ದಿತು. ಕನ್ನಡಿಯನ್ನು ಮುಟ್ಟಬೇಕಾಗಲಿಲ್ಲ. ಅವತ್ತು ಎಲ್ಲಕ್ಕಿಂತ ಹೆಚ್ಚು ಸಂತೋಷವಾದದ್ದು ಆಗಲೇ ಎಂದು ಮೇಡಂ ಆಮೇಲೆ ಹೇಳಿದರು.

ಪಾಳಿ ಮುಗಿದು ಕರೆಂಟು ಹೋಗುವ ಹೊತ್ತಿಗೆ ಅವರಿಗೆ ಬೇಕಾದ ಅಳತೆಗಳೆಲ್ಲ ಮುಗಿದಿದ್ದವು. ಲೇಸರ್ ಅನ್ನು ಒಣಗಿದ ಸ್ಪಂಜಿನಲ್ಲಿ ಮಲಗಿಸಿ, ಪೆಟ್ಟಿಗೆ ಮುಚ್ಚಿ, ದೀಪಾವಳಿಗೆ ಮುಂಚೆಯೇ ಲಾರಿ ಹತ್ತಿಸಿದೆವು. ಮೇಡಂ ಈ ಸಲ ಪೆಟ್ಟಿಗೆಯ ಮೇಲೆ ಕೈಯಿಡಲಿಲ್ಲ. ದೂರ ನಿಂತು, ಬೀಗರು ಕೊಟ್ಟು ಕಳಿಸಿದ್ದ ಸೇವಂತಿಗೆಯನ್ನು ಜಡೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಮನೆಗೂ ಬಂದಿದ್ದರು. ಡೈರಿಯ ಅಜ್ಜಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನ ಮಿಷನ್ನಿನ ಕೂಸು ಹೆಂಗಿತ್ತವ್ವ ಎಂದು ಕೇಳಿದಳು. ಕಣ್ಣಿಗೆ ಕಾಣಲಿಲ್ಲ ಅಜ್ಜಿ, ಆದರೆ ಇತ್ತು ಎಂದರು ಅವರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಕಣಗಳ ಯಂತ್ರವೂ ದೊಡ್ಡ ಸಂಸ್ಥೆಗೆ ಹೋಯಿತು, ಮೇಡಂ ಅದರ ಜೊತೆಗೆ ಹೋದರು. ಕೇಂದ್ರದ ಕಟ್ಟಡದಲ್ಲಿ ಈಗ ಬೇರೆ ಏನೋ ನಡೆಯುತ್ತದೆ. ನನಗೂ ಕೆಲಸದಿಂದ ಬಿಡುವಾಯಿತು. ಸರದಿ ಮಾತ್ರ ಊರಿನಲ್ಲಿ ಉಳಿಯಿತು. ಯಾರೂ ಉಳಿಸಬೇಕೆಂದು ಉಳಿಸಿದ್ದಲ್ಲ. ಲೈನು ಬೀಳುವುದು ನಿಂತಿತ್ತು, ಮೋಟರುಗಳು ಸುಡುವುದು ಕಡಿಮೆಯಾಗಿತ್ತು, ಹಾಗಾಗಿ ಯಾರಿಗೂ ಆಟೊ ಮತ್ತೆ ಹಾಕಿಸುವ ನೆನಪಾಗಲಿಲ್ಲ.

ಕಡೇ ಸರದಿ ಇವತ್ತಿಗೂ ಬೀಗರದೇ. ಹಗಲು ಪಾಳಿಯ ವಾರದಲ್ಲಿ ಶಾಲೆಗೆ ರಜೆಯಿದ್ದರೆ ನನ್ನ ಮೊಮ್ಮಗಳು ನಮ್ಮಿಬ್ಬರನ್ನೂ ಹೊಲಕ್ಕೆ ಹೊರಡಿಸುತ್ತಾಳೆ. ನಾನು ನೀರು ತಾತ, ಅವರು ಮೋಟ್ರು ತಾತ. ಮೋಟ್ರು ತಾತ ಸ್ಟಾರ್ಟರ್ ಮುಂದೆ ನಿಲ್ಲಬೇಕು, ನೀರು ತಾತ ಅವಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಬೇಕು. ಅಲ್ಲಿಂದ ಅವಳು ಪಕ್ಕದ ಹೊಲದ ಪೈಪನ್ನೇ ನೋಡುತ್ತಿರುತ್ತಾಳೆ. ಅವರ ಮನೆಯ ಮೂಗು ಇನ್ನೂ ಸರಿಹೋಗಿಲ್ಲ. ಅದು ನನಗೆ ಈಗ ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ಬೀಗರ ಮುಖವನ್ನೂ ಒಮ್ಮೊಮ್ಮೆ ಅದಕ್ಕಾಗಿಯೇ ನೋಡುತ್ತೇನೆ.

ಪಕ್ಕದ ಪೈಪು ಗಾಳಿ ಉಗುಳಿ ಕೆಮ್ಮುತ್ತದೆ. ಮೋಟ್ರು ತಾತನ ಬೆರಳು ಗುಂಡಿಯ ಹತ್ತಿರ ಹೋಗುತ್ತದೆ.

“ಇನ್ನೂ ಇಲ್ಲ,” ಎನ್ನುತ್ತಾಳೆ.

ಅಲ್ಲಿ ನೀರು ಬೀಳುತ್ತದೆ.

“ಹ್ಞೂಂ, ಈಗ ನಮ್ದು.”